ಹದಿಮೂರನೇ ಅಧ್ಯಾಯದ ಖಳ

ಮಾರ್ಚ್ ೩

ಅಕ್ಕಾ,

ಈ ಕಾಗದದ ಹಿಂದೆಯೇ ಒಂದು ಪೊಟ್ಟಣ ಬರುತ್ತದೆ. ಬಿಚ್ಚುವ ಮುಂಚೆ ಕೂತುಕೋ. ನಾನೂರ ಹನ್ನೆರಡು ಪುಟ. ಕಾಲಿನ ಮೇಲೆ ಬಿದ್ದರೆ ಬೆರಳಿಗೂ ಸಾಹಿತ್ಯದ ಪರಿಚಯವಾದೀತು. ಇಪ್ಪತ್ತು ವರ್ಷ ವಾರಕ್ಕೊಮ್ಮೆ ಪತ್ರಿಕೆಯಲ್ಲಿ ಊರವರನ್ನು ನಗಿಸುತ್ತಿದ್ದ ನಿನ್ನ ತಮ್ಮನಿಗೆ ಈಗ ಅಳಿಸುವ ಕೆಲಸಕ್ಕೆ ಬಡ್ತಿ ಸಿಕ್ಕಿದೆ. ಕಾದಂಬರಿ. ಭಾವನ ಮೇಲೆ. ಹೆಸರು ಬದಲಿಸಿದ್ದೇನೆ, ಮೀಸೆ ಬದಲಿಸಿಲ್ಲ. ಹಾಗಾಗಿ ಯಾರಿಗೂ ಗುರುತು ಹಿಡಿಯುವ ಕಷ್ಟವಿಲ್ಲ.

ಮುಂಚೆಯೇ ಒಂದು ಮಾತು ಹೇಳಿಬಿಡುತ್ತೇನೆ. ಸಂಗೀತ ರಚಿಸುವ ಮಹಾಪುರುಷರ ಕಥೆ ಬರೆಯುವುದಕ್ಕೆ ಕೆಲವು ಶಾಸ್ತ್ರಗಳುಂಟು. ಮೊದಲ ಪುಟದಲ್ಲಿ ಆತ ಕೆಮ್ಮಬೇಕು. ಮೂವತ್ತನೇ ಪುಟದ ಹೊತ್ತಿಗೆ ಕರವಸ್ತ್ರದಲ್ಲಿ ರಕ್ತ ಕಾಣಬೇಕು. ಒಲೆಗೆ ಸೌದೆಯಿಲ್ಲದೆ ತನ್ನ ಹಳೆಯ ಕೃತಿಗಳನ್ನೇ ಸುಟ್ಟು ಕೈ ಕಾಯಿಸಿಕೊಳ್ಳಬೇಕು. ಆಪ್ತನೊಬ್ಬ ಬೆನ್ನಿಗೆ ಚೂರಿ ಹಾಕಬೇಕು. ಕೊನೆಯ ಸ್ವರ ಬರೆದ ಕೂಡಲೇ ಲೇಖನಿ ಜಾರಿ ಬೀಳಬೇಕು, ಹಿಂದೆಯೇ ತಲೆ.

ಭಾವ ಇದರಲ್ಲಿ ಒಂದನ್ನಾದರೂ ಮಾಡಿದರಾ? ಹೊತ್ತಿಗೆ ಸರಿಯಾಗಿ ಉಂಡರು, ಹತ್ತು ಗಂಟೆ ನಿದ್ದೆ ಹೊಡೆದರು, ಉಗುರಿನ ಅಂದದ ಬಗ್ಗೆ ಅತೀವ ಕಾಳಜಿ ವಹಿಸಿದರು. ಇಂಥವರನ್ನು ಇಟ್ಟುಕೊಂಡು ನಾನು ಕಾದಂಬರಿ ಬರೆಯಬೇಕೋ ದಿನಚರಿ ಬರೆಯಬೇಕೋ? ಆದ್ದರಿಂದ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ.

ಎಲ್ಲಕ್ಕಿಂತ ಚೆನ್ನಾಗಿ ಬಂದಿರುವುದು ಹದಿಮೂರನೇ ಅಧ್ಯಾಯ. ಭಾವನ ಕೊನೆಯ ಕೃತಿಯ ನಡುವೆ ಇಡೀ ವಾದ್ಯಮೇಳ ನಿಂತುಹೋಗುವ ಆ ಪ್ರಖ್ಯಾತ ಮೌನವಿದೆಯಲ್ಲ, ಅದು ಹುಟ್ಟಿದ ಕಥೆ. ಅದಕ್ಕೊಬ್ಬ ಖಳ ಬೇಕಿತ್ತು. ಭಾವನ ಸ್ವರಲಿಪಿಯನ್ನು ನಕಲು ಮಾಡುತ್ತಿದ್ದ ನಿಮ್ಮ ಮಸಿಯಣ್ಣನನ್ನು ಎರವಲು ತೆಗೆದುಕೊಂಡೆ. ಬೇಜಾರಿಲ್ಲ ತಾನೆ?

ಓದಿ ಅತ್ತರೆ ಎಷ್ಟು ಕರವಸ್ತ್ರ ಒದ್ದೆಯಾಯಿತು ಎಂದು ತಿಳಿಸು. ಪ್ರಕಾಶಕರು ಕೇಳುತ್ತಿದ್ದಾರೆ.

ನಿನ್ನ ತಮ್ಮ


ಮಾರ್ಚ್ ೧೬

ಚಿರಂಜೀವಿ ಬಡಾಯಿಗೆ,

ನಾನು ಚೆನ್ನಾಗಿದ್ದೇನೆ. ನೀನು ಚೆನ್ನಾಗಿದ್ದೀಯೆಂದು ನಿನ್ನ ಪುಸ್ತಕದ ಹಿಂಬದಿಯ ಫೋಟೋ ಹೇಳುತ್ತಿದೆ. ಗಲ್ಲಕ್ಕೆ ಕೈ ಕೊಟ್ಟುಕೊಂಡು ಯಾರನ್ನು ನೋಡುತ್ತಿದ್ದೀಯ? ಹಲ್ಲುನೋವೇ?

ಓದಿದೆ. ನಿನ್ನ ಭಾವ ಕೆಮ್ಮಿದ್ದು ನನಗೆ ನೆನಪಿಲ್ಲ. ಅವರಿಗೆ ಇದ್ದದ್ದು ನೆಗಡಿ. ವರ್ಷಕ್ಕೆ ನಾಲ್ಕು ಸಲ ಬರುತ್ತಿತ್ತು, ಬಂದಾಗಲೆಲ್ಲ ಉಯಿಲು ಬರೆಸುತ್ತೇನೆ ಎನ್ನುತ್ತಿದ್ದರು. ಕೃತಿಗಳನ್ನು ಸುಟ್ಟು ಕೈ ಕಾಯಿಸಿಕೊಂಡರು ಎಂದು ಬರೆದಿದ್ದೀಯ. ದೇವರೇ! ಅಂಗಡಿಯ ಚೀಟಿಯ ಹಿಂದೆ ಎರಡು ಸ್ವರ ಗೀಚಿದ್ದರೂ ಅದನ್ನು ಇಸ್ತ್ರಿ ಮಾಡಿಸಿ ಇಡುತ್ತಿದ್ದರು. ಆ ಇಸ್ತ್ರಿ ಹಾಕುತ್ತಿದ್ದವಳು ನಾನು.

ಮಳೆ, ಗುಡುಗು, ತೆರೆದ ಕಿಟಕಿ, ಹಾರುವ ಕೂದಲು. ಅವರು ಬರೆಯುತ್ತಿದ್ದದ್ದು ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರವರೆಗೆ, ಕಿಟಕಿ ಮುಚ್ಚಿ. ಕೂದಲಿನ ವಿಷಯ ನಾನು ಹೇಳುವುದಿಲ್ಲ. ಸತ್ತವರ ಮಾನ ಕಾಪಾಡಬೇಕು.

ಕೊನೆಯ ಕೃತಿ ನುಡಿಸಿದ ದಿನವೇ ಅವರನ್ನು ಕೊಂದುಬಿಟ್ಟಿದ್ದೀಯ. ಅದಾದ ಮೇಲೂ ಹನ್ನೊಂದು ವರ್ಷ ಬದುಕಿದ್ದರಪ್ಪಾ. ಆ ಹನ್ನೊಂದು ವರ್ಷ ಅವರಿಗೆ ಬಿಸಿನೀರು ಕಾಯಿಸಿಕೊಟ್ಟವಳು ನಾನೇ ಹೊರತು ನಿನ್ನ ಕಾದಂಬರಿಯ ಆ ಕಣ್ಣೀರು ಸುರಿಸುವ ನಾಯಕಿ ಅಲ್ಲ. ಅಂದಹಾಗೆ ಅವಳು ನಾನೇ ಏನು? ಸೊಂಟ ನೋಡಿ ಗುರುತು ಸಿಗಲಿಲ್ಲ.

ಹದಿಮೂರನೇ ಅಧ್ಯಾಯವನ್ನೂ ಓದಿದೆ. ಅದರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ.

ಅಕ್ಕ


ಏಪ್ರಿಲ್ ೨

ಅಕ್ಕಾ,

ನಿನ್ನ ಕಾಗದವನ್ನು ಪ್ರಕಾಶಕರಿಗೆ ಓದಿ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕು, "ಇದನ್ನ ಎಲ್ಲೂ ಹೊರಗೆ ಬಿಡ್ಬೇಡಿ" ಎಂದರು. ಜನಕ್ಕೆ ನೆಗಡಿಯ ಮಹಾಪುರುಷ ಬೇಡವಂತೆ. ಕ್ಷಯದ ಮಹಾಪುರುಷನಾದರೆ ಎರಡು ಕೈಯಲ್ಲೂ ತೆಗೆದುಕೊಳ್ಳುತ್ತಾರಂತೆ.

ಪುಸ್ತಕ ಓಡುತ್ತಿದೆ. ಓಡುತ್ತಿದೆ ಎಂದರೆ ಕುದುರೆಯ ಓಟ. ಹೆಂಗಸೊಬ್ಬರು ನನ್ನ ಕೈ ಹಿಡಿದುಕೊಂಡು, "ಆ ನಕಲುಗಾರ ಹಾಳೆ ಹರಿಯೋವಾಗ ನನ್ನ ಮೈಯೆಲ್ಲ ಉರಿದುಹೋಯ್ತು ಕಣ್ರೀ, ಅವನು ಸಿಕ್ಕಿದ್ರೆ ತೋರಿಸಿ" ಎಂದರು. ಲೇಖಕನಿಗೆ ಇದಕ್ಕಿಂತ ಬೇರೆ ಪ್ರಶಸ್ತಿ ಬೇಕೆ?

ಅಂದಹಾಗೆ, ಹದಿಮೂರನೇ ಅಧ್ಯಾಯದ ಬಗ್ಗೆ ನೀನು ಬಾಯಿಗೆ ಬೀಗ ಹಾಕಿಕೊಂಡಿದ್ದೀಯ. ಉಳಿದ ಎಲ್ಲ ಅಧ್ಯಾಯಕ್ಕೂ ಕೋಲು ಹಿಡಿದು ನಿಂತವಳು ಅಲ್ಲಿ ಮಾತ್ರ ಕಳ್ಳಹೆಜ್ಜೆಯಲ್ಲಿ ದಾಟಿದ್ದೀಯ. ನಿನ್ನ ತಮ್ಮ ದಡ್ಡನಲ್ಲ. ಆ ಮಸಿಯಣ್ಣನಿಗೆ ನಾಯಕಿಯ ಮೇಲೆ ಒಳಗೊಳಗೇ ಒಲವಿತ್ತು, ಅದಕ್ಕೇ ಹೊಟ್ಟೆಕಿಚ್ಚಿನಿಂದ ಆ ಮೌನದ ಜಾಗದಲ್ಲಿ ಇರಬೇಕಿದ್ದ ಭಾವನ ಸ್ವರಗಳನ್ನು, ಸ್ವರಲಿಪಿಯ ಮೂರು ಚೌಕದಷ್ಟನ್ನು, ಹರಿದು ಹಾಕಿದ ಎಂದು ನಾನು ಬರೆದಾಗ ಸುಮ್ಮನೆ ಕಲ್ಪಿಸಿದ್ದೆ. ಕತ್ತಲೆಯಲ್ಲಿ ಎಸೆದ ಕಲ್ಲು ಎಲ್ಲೋ ಬಡಿದ ಹಾಗಿದೆಯಲ್ಲ! ಹೆದರಬೇಡ, ಈ ವಯಸ್ಸಿನಲ್ಲಿ ಯಾರೂ ಪಂಚಾಯಿತಿ ಸೇರಿಸುವುದಿಲ್ಲ. ನನಗೊಬ್ಬನಿಗೆ ಹೇಳು.

ಕಿವಿ ಚಾಚಿಕೊಂಡಿರುವ
ತಮ್ಮ


ಮೇ ೨೧

ತಮ್ಮನಿಗೆ,

ಏಳು ವಾರ ಬರೆಯಲಿಲ್ಲ. ನೀನು ಅದಕ್ಕೂ ಏನಾದರೊಂದು ಅರ್ಥ ಕಟ್ಟಿರುತ್ತೀಯ. ಕಟ್ಟಿಕೋ.

ಮಸಿಯಣ್ಣನನ್ನು ಸಂಗೀತಶಾಲೆಯಿಂದ ಕಳಿಸಿಬಿಟ್ಟರು.

ಅವರು ಅಲ್ಲಿ ಹದಿನೆಂಟು ವರ್ಷದಿಂದ ಮಕ್ಕಳಿಗೆ ಸ್ವರಲಿಪಿ ಬರೆಯುವುದನ್ನು ಹೇಳಿಕೊಡುತ್ತಿದ್ದರು. ಗ್ರಂಥಾಲಯದಲ್ಲಿ ಹರಿದ ಹಳೆಯ ಹಾಳೆಗಳಿಗೆ ತೆಳುಕಾಗದ ಅಂಟಿಸಿ, ಮಾಸಿದ ಸ್ವರಗಳ ಮೇಲೆ ಮತ್ತೆ ಮಸಿ ತೀಡುತ್ತಿದ್ದರು. ಹಸ್ತಪ್ರತಿಗಳ ಕಪಾಟಿನ ಬೀಗದಕೈ ಅವರ ಹತ್ತಿರವೇ ಇರುತ್ತಿತ್ತು. ಹೋದ ತಿಂಗಳು ಯಾರೋ ಮಗುವಿನ ತಂದೆ ನಿನ್ನ ಪುಸ್ತಕ ಹಿಡಿದುಕೊಂಡು ಬಂದು ಮುಖ್ಯೋಪಾಧ್ಯಾಯಿನಿಯ ಮೇಜಿನ ಮೇಲೆ ಕುಕ್ಕಿದನಂತೆ. "ಕೃತಿ ಹರಿಯೋನ ಕೈಲಿ ಕೃತಿ ಕಪಾಟಿನ ಬೀಗದಕೈ ಕೊಟ್ಟಿದೀರಲ್ಲ, ನಿಮಗೇನಾದ್ರೂ ಬುದ್ಧಿ ಇದೆಯಾ?" ಎಂದನಂತೆ. ಆಮೇಲೆ ಇನ್ನೊಬ್ಬಳು ತಾಯಿ. ಆಮೇಲೆ ಐದಾರು ಜನ. ಆಕೆ ಮಸಿಯಣ್ಣನನ್ನು ಕರೆಸಿ, ಕುರ್ಚಿ ಕೊಟ್ಟು, ನೀರು ಕೊಟ್ಟು, ಬೀಗದಕೈ ಕೇಳಿದರಂತೆ. ಇವರು ಏನೂ ಕೇಳದೆ ಜೇಬಿನಿಂದ ತೆಗೆದು ಇಟ್ಟು ಬಂದರಂತೆ.

ಇದನ್ನೆಲ್ಲ ನನಗೆ ಹೇಳಿದ್ದು ಶಾಲೆಯ ಜವಾನ. ಮಸಿಯಣ್ಣನನ್ನು ನಾನು ಕಂಡದ್ದು ದೂರದಿಂದ, ಅಂಚೆ ಕಚೇರಿಯ ಸಾಲಿನಲ್ಲಿ. ಅವರ ಹೆಬ್ಬೆರಳು, ತೋರುಬೆರಳು ಬೆಳ್ಳಗಿದ್ದವು. ಅವುಗಳನ್ನು ಮಸಿಯ ನೀಲಿ ಇಲ್ಲದೆ ನಾನು ಯಾವತ್ತೂ ನೋಡಿರಲಿಲ್ಲ. ನಾನು ಸಾಲು ಬಿಟ್ಟು ಮನೆಗೆ ಬಂದೆ.

ಹದಿಮೂರನೇ ಅಧ್ಯಾಯ ತೆಗೆದುಹಾಕು. ಹೊಸ ಮುದ್ರಣ ಬರುತ್ತದೆಯಂತಲ್ಲ, ಅದರಲ್ಲಿ ತೆಗೆ. ಆತ ಏನೂ ಹರಿಯಲಿಲ್ಲ ಎಂದು ಪತ್ರಿಕೆಯಲ್ಲೂ ಬರೆ. ಯಾಕೆ ಎಂದು ಕೇಳಬೇಡ.

ಅಕ್ಕ


ಮೇ ೩೦

ಅಕ್ಕಾ,

ಸುದ್ದಿ ಕೇಳಿ ನಿಜವಾಗಿಯೂ ಬೇಸರವಾಯಿತು. ಇದು ತಮಾಷೆಯಲ್ಲ.

ಆದರೆ ನ್ಯಾಯ ಹೇಳು. ಪುಸ್ತಕದ ಮೊದಲ ಪುಟದಲ್ಲೇ "ಇಲ್ಲಿನ ಪಾತ್ರಗಳೆಲ್ಲ ಕಾಲ್ಪನಿಕ" ಎಂದು ಹಾಕಿದ್ದೇವೆ. ಅಕ್ಷರ ಸ್ವಲ್ಪ ಸಣ್ಣದು, ಒಪ್ಪಿದೆ. ಜನ ಅದನ್ನು ಓದದೆ ಹದಿಮೂರನೇ ಅಧ್ಯಾಯಕ್ಕೆ ಹಾರಿದರೆ ಲೇಖಕ ಏನು ಮಾಡಬೇಕು, ಮನೆಮನೆಗೆ ಹೋಗಿ ಭೂತಕನ್ನಡಿ ಹಂಚಬೇಕೆ?

ಇನ್ನೊಂದು ಮಾತು, ಕೋಪ ಮಾಡಿಕೊಳ್ಳಬೇಡ. ಆ ಮೂರು ಚೌಕ ಕಳೆದುಹೋದದ್ದು ಮಸಿಯಣ್ಣನ ಕೈಯಲ್ಲಿ ಎಂದು ನನಗೆ ಹೇಳಿದವಳು ನೀನೇ. ಕೃತಿ ನುಡಿಸಿದ ಮರುವಾರ ನಾನು ಬಂದಿದ್ದಾಗ, ಬಟ್ಟೆ ಮಡಚುತ್ತಾ ಹೇಳಿದೆ: "ಇವ್ರು ಬರೆದುಕೊಟ್ಟ ಚೀಟೀನ ಆ ಮನುಷ್ಯ ಎಲ್ಲೋ ಕಳ್ಕೊಂಡ್ನಂತೆ ಕಣೋ." ನಿನ್ನ ಮಾತಿನ ಧಾಟಿ ಸಮೇತ ನೆನಪಿದೆ. ನಾನು ಮಾಡಿದ್ದು ಇಷ್ಟೇ, 'ಕಳೆದ' ಎನ್ನುವುದನ್ನು 'ಹರಿದ' ಎಂದು ಮಾಡಿದೆ. ಸುಮ್ಮನೆ ಚೀಟಿ ಕಳೆದುಕೊಳ್ಳುವವನನ್ನು ಇಟ್ಟುಕೊಂಡು ಯಾರಿಗೆ ತಾನೆ ಮೈ ಉರಿಸಲಿ?

ಆತನ ಮೇಲೆ ನಿನಗೆ ಈಗ ಇಷ್ಟು ಮರುಕ ಬಂದಿದ್ದರೆ ಕಾರಣವೂ ಇರಲೇಬೇಕು. ಯಾಕೆ ಎಂದು ಕೇಳಬೇಡ ಅಂದೆ. ಕೇಳದೆ ಹೇಗೆ ತೆಗೆಯಲಿ? ಅದು ಕಟ್ಟಡದ ಕಂಬದಂಥ ಅಧ್ಯಾಯ.

ತಮ್ಮ


ಜೂನ್ ೯

ತಮ್ಮನಿಗೆ,

ಹಾಗಾದರೆ ಕೇಳು. ನಿನ್ನ ತಲೆಯಲ್ಲಿರುವ ಒಲವು ಗಿಲವು ಯಾವುದೂ ಅಲ್ಲ. ಅದಾಗಿದ್ದರೆ ಹೇಳುವುದು ಸುಲಭವಿತ್ತು.

ಕೆಲಸ ಹೇಗೆ ನಡೆಯುತ್ತಿತ್ತು ಎಂದು ನಿನಗೆ ಗೊತ್ತು. ನಿನ್ನ ಭಾವ ದೊಡ್ಡ ಹಾಳೆಯ ಮೇಲೆ ಪೆನ್ಸಿಲಿನಲ್ಲಿ, ಎಲ್ಲ ವಾದ್ಯಗಳನ್ನೂ ಒಂದರ ಕೆಳಗೊಂದು ಬರೆಯುತ್ತಿದ್ದರು. ಕಾಗೆಯ ಕಾಲು, ಗುಬ್ಬಿಯ ಕಾಲು. ಮಸಿಯಣ್ಣ ಅದನ್ನು ಬಿಡಿಸಿ ಪಿಟೀಲಿನವರಿಗೆ ಬೇರೆ, ಕೊಳಲಿನವರಿಗೆ ಬೇರೆ, ಹೀಗೆ ಮೂವತ್ತೆರಡು ಪ್ರತಿ ಮಸಿಯಲ್ಲಿ ತೆಗೆಯಬೇಕು. ಅಚ್ಚು ಹಾಕಿದ ಹಾಗೆ ತೆಗೆಯುತ್ತಿದ್ದರು. ಆ ಕೃತಿಯ ನಡುವೆ ಮೂರು ಚೌಕ ಖಾಲಿ ಇದ್ದವು. "ಅದಿನ್ನೂ ಕೂತಿಲ್ಲ, ಆಮೇಲೆ ಚೀಟಿ ಕಳಿಸ್ತೀನಿ" ಎಂದು ಇವರು ಹೇಳಿದ್ದರು.

ಎರಡು ದಿನ ಬಿಟ್ಟು ಆ ಮೂರು ಚೌಕ ಒಂದು ಚೀಟಿಯಲ್ಲಿ ಬರೆದು ನನ್ನ ಕೈಗೆ ಕೊಟ್ಟರು. ಮಸಿಯಣ್ಣನ ಕೋಣೆ ಎರಡು ಬೀದಿ ಆಚೆ. ನಾನು ಚೀಟಿಯನ್ನು ಮೇಲಂಗಿಯ ಜೇಬಿಗೆ ಹಾಕಿಕೊಂಡು ಹೊರಟೆ. ದಾರಿಯಲ್ಲಿ ಹಾಲಿನ ಅಂಗಡಿ, ಅಲ್ಲಿ ಯಾರೋ ಮಾತಿಗೆ ಸಿಕ್ಕರು, ಮರೆತು ಮನೆಗೆ ಬಂದುಬಿಟ್ಟೆ. ಮರುದಿನ ಮೇಲಂಗಿಯನ್ನು ಒಗೆಯಲು ಹಾಕಿದೆ. ಹಿಂಡುವಾಗ ಜೇಬಿನಿಂದ ಬಿಳಿಯ ಮುದ್ದೆಯೊಂದು ಹೊರಗೆ ಬಂತು.

ಅದೇ ಹೊತ್ತಿಗೆ ಬಾಗಿಲು ಬಡಿದದ್ದು ಮಸಿಯಣ್ಣ. "ತಂಗೀ, ಚೀಟಿ ಬರಲಿಲ್ಲ. ನಾಳೆ ಅಭ್ಯಾಸಕ್ಕೆ ಎಲ್ಲಾ ಪ್ರತಿ ಒಪ್ಪಿಸ್ಬೇಕು. ಏನು ಮಾಡ್ಲಿ, ಕೇಳ್ಕೊಂಡ್ ಬರ್ತೀರಾ?" ಎಂದರು. ನಿನ್ನ ಭಾವ ಒಳಗೆ ನೆಗಡಿಯಲ್ಲಿ ಮಲಗಿದ್ದರು. ನಾನು ನಡುಮನೆಯವರೆಗೆ ಹೋದೆ, ಅಲ್ಲೇ ಸ್ವಲ್ಪ ನಿಂತೆ, ವಾಪಸ್ ಬಂದೆ. "ಖಾಲಿಯೇ ಇರಲಿ ಅಂದ್ರು" ಎಂದೆ.

ಯಾಕೆ ಎಂದು ಕೇಳುತ್ತೀಯ. ನಿನ್ನ ಭಾವ ಯಾರಿಗೂ ಹೊಡೆದವರಲ್ಲ, ಬೈದವರೂ ಅಲ್ಲ, ನನ್ನನ್ನಂತೂ ಅಲ್ಲ. ಮಾತು ಬಿಡುತ್ತಿದ್ದರು. ಒಂದು ಗುಂಡಿ ಹೊಲಿಯುವುದು ಮರೆತದ್ದಕ್ಕೆ ಹತ್ತೊಂಬತ್ತು ದಿನ. ನಿನ್ನ ಕಾದಂಬರಿಯಲ್ಲಿ "ಅವರ ಮೌನವೂ ಸಂಗೀತವಾಗಿತ್ತು" ಎಂದು ಬರೆದಿದ್ದೀಯ. ಆ ಸಂಗೀತದ ಜೊತೆ ಒಂದೇ ತಟ್ಟೆಯ ಎದುರು ಕೂತು ಉಂಡು ನೋಡಬೇಕಿತ್ತು ನೀನು.

ನೆಗಡಿಯೆಂದು ಅವರು ಅಭ್ಯಾಸಕ್ಕೂ ಹೋಗಲಿಲ್ಲ. ಮೇಳದ ನಿರ್ದೇಶಕರು ಅದು ಬೇಕೆಂದೇ ಬರೆದ ಮೌನ ಎಂದುಕೊಂಡರು. ಕೃತಿ ನುಡಿಸುವ ದಿನ ಅದೇ ನಡೆಯಿತು. ಎಲ್ಲ ವಾದ್ಯವೂ ನಿಂತವು. ಸಭೆಯಲ್ಲಿ ಯಾರೋ ಬಿಕ್ಕಿದರು. ಆಮೇಲೆ ಕೊಳಲು ಒಂದೇ ಎದ್ದಿತು. ಮುಗಿದಾಗ ಜನ ಕುರ್ಚಿಯ ಮೇಲೆ ಹತ್ತಿ ನಿಂತರು. ನಿನ್ನ ಭಾವ ಮೂಗು ಒರೆಸಿಕೊಂಡು ಮೂರು ಸಲ ಬಾಗಿದರು.

ಆಮೇಲೆ ವೇದಿಕೆಯ ಹಿಂದಿನ ಕೋಣೆಯಲ್ಲಿ, ಮೇಳದ ನಿರ್ದೇಶಕರು, ಸಭಾಂಗಣದ ವ್ಯವಸ್ಥಾಪಕರ ಎದುರಿಗೇ ಮಸಿಯಣ್ಣನನ್ನು ಹಿಡಿದುಕೊಂಡರು. "ಚೀಟಿ ಏನ್ ಮಾಡ್ದೆ? ಹೊರಗೆ ನಡಿ. ಇನ್ಮುಂದೆ ನನ್ನ ಒಂದು ಗೆರೆ ಮುಟ್ಟಿದ್ರೆ ನೋಡು." ನಾನು ಅವರ ಕೋಟು ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದೆ. ಮಸಿಯಣ್ಣ ಇವರಿಗೆ ಉತ್ತರ ಕೊಡಲಿಲ್ಲ. ನನ್ನ ಕಡೆ ನೋಡಿದರು. ನಾನೇ ಹೇಳುತ್ತೇನೆ ಎಂದು ಕಾಯುತ್ತಿದ್ದರು. ನಾನು ಕೋಟಿನ ಕಾಲರು ಸರಿಮಾಡಿದೆ.

ಮರುದಿನ ಪತ್ರಿಕೆಯವರು ಬಂದಾಗ ನಿನ್ನ ಭಾವ, "ಆ ಮೌನ ನನ್ನ ಎದೆಯಾಳದಿಂದ ಬಂತು" ಎಂದರು. ಬಂದದ್ದು ಒಗೆಯುವ ತೊಟ್ಟಿಯಿಂದ. ಚೀಟಿ ಕಳೆದವನು ಎಂಬ ಮಾತು ಮಾತ್ರ ಊರೆಲ್ಲ ಹರಡಿತು. ಒಬ್ಬ ರಚನಾಕಾರನೂ ಆಮೇಲೆ ಮಸಿಯಣ್ಣನಿಗೆ ಒಂದು ಹಾಳೆ ಕೊಡಲಿಲ್ಲ. ನಾಲ್ಕು ವರ್ಷದ ನಂತರ ಆ ಶಾಲೆ ಸಿಕ್ಕಿತು. ಅದನ್ನು ಈಗ ನೀನೂ ನಾನೂ ಸೇರಿ ಕಿತ್ತುಕೊಂಡೆವು.

ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತು ಎನ್ನುತ್ತಾರೆ. ಈ ಕೋತಿ ಇಪ್ಪತ್ತೆರಡು ವರ್ಷ ಮುಂದಿನ ಸಾಲಿನಲ್ಲಿ ಶಾಲು ಹೊದ್ದು ಕೂತಿತ್ತು.

ಇದನ್ನು ಅಚ್ಚು ಹಾಕು. ನನ್ನ ಹೆಸರು ಹಾಕಿಯೇ ಅಚ್ಚು ಹಾಕು.

ಅಕ್ಕ


ಜುಲೈ ೧೯

ಅಕ್ಕಾ,

ಉತ್ತರ ತಡವಾಯಿತು. ನಿನ್ನ ಕಾಗದವನ್ನು ಆರು ಸಲ ಓದಿದೆ. ಮೊದಲ ಸಲ ನಕ್ಕೆ, ಕ್ಷಮಿಸು. ಒಗೆಯುವ ತೊಟ್ಟಿ! ಇಡೀ ಜಗತ್ತು ಕಣ್ಣು ಮುಚ್ಚಿ ಕೇಳುವ ಮೌನ! ಪಂಡಿತರೊಬ್ಬರು ಅದರ ಮೇಲೆ ಮುನ್ನೂರು ಪುಟದ ಪ್ರಬಂಧ ಬರೆದು ಪದವಿ ಪಡೆದಿದ್ದಾರೆ. ಪಾಪ, ಸಾಬೂನಿನ ಹೆಸರು ಒಂದು ಕಡೆಯೂ ಬಂದಿಲ್ಲ. ಎರಡನೇ ಸಲ ಓದುವಾಗ ನಗು ಬರಲಿಲ್ಲ.

ಪ್ರಕಾಶಕರ ಬಳಿಗೆ ಹೋದೆ. ಹೋಗಲಿಲ್ಲ ಎಂದು ತಿಳಿಯಬೇಡ. ಎಲ್ಲವನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿ, "ನಿಮ್ಮಕ್ಕ ನಿಮಗಿಂತ ಚೆನ್ನಾಗಿ ಬರೀತಾರೆ. ಆದ್ರೆ ಯಾರು ನಂಬ್ತಾರೆ ಸ್ವಾಮಿ?" ಎಂದರು. "ಓದುಗರು ಆ ಮೌನದಲ್ಲಿ ತಮ್ಮ ಸತ್ತ ಅಪ್ಪನ್ನ, ಬಿಟ್ಟುಹೋದ ಗಂಡನ್ನ ನೆನೆಸ್ಕೊಂಡು ಅತ್ತಿದಾರೆ. ಅವ್ರನ್ನ ಹಿಡಿದು 'ನೀವು ಅತ್ತಿದ್ದು ಒಂದು ಮೇಲಂಗಿಗೆ' ಅನ್ನೋಕಾಗುತ್ತಾ?" ಎಂದರು. ನಾನು ಎದ್ದು ಬಂದೆ. ಹೊಸ ಮುದ್ರಣ ಆಗಲೇ ಅಚ್ಚಿಗೆ ಹೋಗಿತ್ತು ಎನ್ನುವುದೂ ನಿಜ. ಹೋಗಿರದಿದ್ದರೆ ನಾನು ಹಟ ಹಿಡಿಯುತ್ತಿದ್ದೆನೇ? ಈ ಪ್ರಶ್ನೆಯನ್ನು ನೀನು ಕೇಳುವ ಮುಂಚೆ ನಾನೇ ಕೇಳಿದೆ. ಉತ್ತರ ನನಗೂ ಇಷ್ಟವಾಗಲಿಲ್ಲ.

ಒಂದು ದಾರಿ ಹೇಳುತ್ತೇನೆ. ಆಗಸ್ಟ್ ಹತ್ತಕ್ಕೆ ಭಾವನ ನೆನಪಿನ ಸಂಗೀತ ಕಚೇರಿ ಇದೆಯಲ್ಲ, ನೀನು ಹೇಗೂ ಮುಂದಿನ ಸಾಲಿನಲ್ಲಿರುತ್ತೀಯ. ಅಲ್ಲಿ ಯಾರ ಕಿವಿಯಲ್ಲಾದರೂ ಹೇಳು. ನಿನ್ನ ಮಾತಿಗೆ ನನ್ನ ಅಧ್ಯಾಯಕ್ಕಿಂತ ತೂಕ ಇರುತ್ತದೆ.

ತಮ್ಮ


ಜುಲೈ ೨೫

ತಮ್ಮನಿಗೆ,

ಹೋಗುತ್ತೇನೆ. ಕಿವಿಯಲ್ಲಿ ಹೇಳುವುದಿಲ್ಲ.

ಅಕ್ಕ


ಆಗಸ್ಟ್ ೧೨

ಅಕ್ಕಾ, ಅಕ್ಕಾ!

ಎಂಥ ಕೆಲಸ ಮಾಡಿಬಿಟ್ಟೆ! ಇಲ್ಲಿನ ಪತ್ರಿಕೆಗಳಲ್ಲೂ ಬಂದಿದೆ. ಕತ್ತರಿಸಿ ಇದರೊಳಗೆ ಇಟ್ಟಿದ್ದೇನೆ. ನೀನು ನೋಡಿರದಿದ್ದರೆ ಓದು: "ಆ ಚಿರಪರಿಚಿತ ಮೌನ ಸಭಾಂಗಣವನ್ನು ಆವರಿಸಿದ ಕ್ಷಣ ಅವರ ಪತ್ನಿ ಎದ್ದು ನಿಂತು, ಈ ಮೌನ ನನ್ನ ತಪ್ಪು, ಮಸಿಯಣ್ಣನದಲ್ಲ, ನಾನೇ ಸುಳ್ಳು ಹೇಳಿದೆ ಎಂದು ಉದ್ಗರಿಸಿದರು. ಪತಿಯ ಕೃತಿಯನ್ನು ಹರಿದ ದ್ರೋಹಿಯನ್ನೂ ಕ್ಷಮಿಸಿ, ಅವನ ಪಾಪವನ್ನು ತನ್ನ ತಲೆಯ ಮೇಲೆ ಹೊತ್ತ ಆ ಹೆಣ್ಣಿನ ಔದಾರ್ಯಕ್ಕೆ ಸಭೆಯಲ್ಲಿ ಒಣಗಿದ ಕಣ್ಣು ಒಂದೂ ಉಳಿಯಲಿಲ್ಲ."

ನಾನು ಕೂಡಲೇ ಪತ್ರಿಕೆಗೆ ಫೋನು ಮಾಡಿದೆ. ಆಕೆ ಹೇಳಿದ್ದು ಅಕ್ಷರಶಃ ನಿಜ ಎಂದೆ. "ನಿಜಾನೇ ಸಾರ್, ನಾವೂ ಅಕ್ಷರಶಃ ಹಾಕಿದೀವಲ್ಲ" ಎಂದರು. ಇನ್ನೇನು ಹೇಳಲಿ?

ಪ್ರಕಾಶಕರು ಮೂರನೇ ಮುದ್ರಣಕ್ಕೆ ಈ ಪ್ರಸಂಗವನ್ನು ಕೊನೆಯ ಅಧ್ಯಾಯವಾಗಿ ಸೇರಿಸಬೇಕು ಎನ್ನುತ್ತಿದ್ದಾರೆ. ನಾನು ಹೂಂ ಅಂದಿಲ್ಲ. ಊಹೂಂ ಎಂದೂ ಅಂದಿಲ್ಲ. ನೀನು ಹೇಗೆ ಹೇಳುತ್ತೀಯೋ ಹಾಗೆ.

ತಮ್ಮ


ಆಗಸ್ಟ್ ೨೦

ತಮ್ಮನಿಗೆ,

ನೀನು ಕತ್ತರಿಸಿ ಕಳಿಸಿದ್ದನ್ನು ಓದಿದೆ. ಇಲ್ಲಿ ಬೀದಿಯಲ್ಲಿ ಹೆಂಗಸರು ನನ್ನ ಕೈ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ಹಾಲಿನ ಅಂಗಡಿಯವನು ಸಾಲು ಬಿಡಿಸಿ ಮುಂದೆ ಕರೆಯುತ್ತಾನೆ. ನಾನು ತಪ್ಪು ಮಾಡಿದವಳು ಎಂದು ಗಟ್ಟಿಯಾಗಿ ಹೇಳಿದಷ್ಟೂ ನನ್ನ ಬೆಲೆ ಏರುತ್ತಿದೆ. ಇನ್ನೆರಡು ಸಲ ಹೇಳಿದರೆ ನನ್ನ ಪ್ರತಿಮೆ ನಿಲ್ಲಿಸುತ್ತಾರೆ.

ಶಾಲೆಗೆ ಹೋದೆ. ಮುಖ್ಯೋಪಾಧ್ಯಾಯಿನಿಗೆ ಚೀಟಿ, ಮೇಲಂಗಿ, ಬಾಗಿಲಲ್ಲಿ ನಾನು ಹೇಳಿದ ಸುಳ್ಳು ಎಲ್ಲವನ್ನೂ ಬಿಡಿಸಿ ಹೇಳಿದೆ. ಆಕೆ ಕಣ್ಣೊರೆಸಿಕೊಂಡು, "ಅಮ್ಮಾ, ನಿಮ್ಮಂಥ ಮನಸ್ಸು ಎಲ್ಲಾರ್ಗೂ ಬರಲ್ಲ. ಆದ್ರೆ ಮಕ್ಕಳ ತಂದೆತಾಯಿ ಒಪ್ಪಬೇಕಲ್ಲ" ಎಂದರು. ಕಪಾಟಿಗೆ ಈಗ ಬೀಗದ ಬದಲು ಸಂಖ್ಯೆ ಒತ್ತುವ ಯಂತ್ರ ಹಾಕಿಸಿದ್ದಾರಂತೆ. ತೋರಿಸಿದರು ಕೂಡ.

ಅಲ್ಲಿಂದ ಮಸಿಯಣ್ಣನ ಕೋಣೆಗೆ ಹೋದೆ. ಮೂರನೇ ಮಹಡಿ. ಈ ಇಪ್ಪತ್ತೆರಡು ವರ್ಷದಲ್ಲಿ ಇದು ಮೊದಲ ಸಲ. ಅವತ್ತು ಚೀಟಿ ಕೊಡಲು ಹೋಗಿದ್ದರೆ ಎರಡನೇ ಸಲ ಹೋಗುವ ಅಗತ್ಯವೇ ಇರುತ್ತಿರಲಿಲ್ಲ.

ಬಾಗಿಲು ತೆಗೆದು, "ಬನ್ನಿ ಅಮ್ಮಾವ್ರೇ" ಎಂದರು. ತಂಗೀ ಎನ್ನಲಿಲ್ಲ. ಒಂದು ಮೇಜು, ಒಂದು ಮಂಚ, ಗೋಡೆಯುದ್ದಕ್ಕೂ ಒಣಗಿದ ಮಸಿಕುಡಿಕೆಗಳು. ನಿನ್ನ ಪುಸ್ತಕ ಎಲ್ಲಿಯೂ ಕಾಣಲಿಲ್ಲ. ಓದಿದ್ದೀರಾ ಎಂದು ಕೇಳಿದೆ.

"ಓದ್ದೆ. ಪುಟಕ್ಕೆ ನಾಲ್ಕು ಅಚ್ಚಿನ ತಪ್ಪು. ನಿಮ್ಮ ತಮ್ಮ ಕರಡು ತಿದ್ದೋಕೆ ಯಾರನ್ನೂ ಇಟ್ಕೊಳ್ಳೋದಿಲ್ವಾ?"

"ಮಸಿಯಣ್ಣ, ಅವತ್ತು ನಾನು..."

"ಚೀಟಿ ಎಲ್ಲಿ ಹೋಯ್ತು?"

ಹೇಳಿದೆ. ಅವರು ಬೆಳ್ಳಗಾದ ಬೆರಳು ನೋಡಿಕೊಂಡರು. ಆಮೇಲೆ, "ಒಗೆಯೋಕೆ ಹೋಗಿತ್ತು ಅನ್ನಿ. ಅಷ್ಟು ಸಣ್ಣ ವಿಷಯ ಅಂತ ನನಗೆ ಹೊಳೆದೇ ಇರ್ಲಿಲ್ಲ. ಏನೋ ದೊಡ್ಡ ಕಾರಣ ಇರ್ಬೇಕು, ಹೇಳೋಕಾಗದೇ ಇರೋ ಅಂಥದ್ದು, ಅಂದ್ಕೊಂಡಿದ್ದೆ" ಎಂದರು. ನೋಡು, ಅವರೂ ಅಷ್ಟು ವರ್ಷ ಒಂದು ಕಾದಂಬರಿ ಬರೆದುಕೊಂಡಿದ್ದರು. ಅದರಲ್ಲಿ ನಾನು ಒಳ್ಳೆಯವಳು.

"ಅದರಲ್ಲಿ ಏನಿತ್ತು, ನೆನಪಿದೆಯಾ?" ಎಂದರು.

ನೆನಪಿತ್ತು. ಚೀಟಿ ಬರೆದ ದಿನ ನಿನ್ನ ಭಾವ ಅದನ್ನೇ ಹತ್ತು ಸಲ ಪಿಯಾನೋದಲ್ಲಿ ಬಾರಿಸಿದ್ದರು. ಹಾಡಿ ತೋರಿಸಿದೆ. ಇನ್ನೊಮ್ಮೆ ಎಂದರು. ಇನ್ನೊಮ್ಮೆ ಹಾಡಿದೆ. ಕಣ್ಣು ಮುಚ್ಚಿ ಕೇಳಿ, ತಲೆ ಅಲ್ಲಾಡಿಸಿದರು.

"ಸಾಧಾರಣ. ಎಲ್ಲಾರೂ ಬರೆಯೋ ಅಂಥದ್ದು. ಇದನ್ನ ಹಾಕಿದ್ದಿದ್ರೆ ಆ ಕೃತಿ ಯಾರಿಗೂ ನೆನಪಿರ್ತಿರಲಿಲ್ಲ."

ನಾನು ಅಳಲಿಲ್ಲ. ಅಳುವುದಕ್ಕೆ ಈಗ ಸಭೆ ಬೇಕೆನಿಸುತ್ತದೆ. ಹೇಳಿ ಮಸಿಯಣ್ಣ, ನಾನೇನು ಮಾಡಲಿ, ಯಾರಿಗೆ ಹೇಳಲಿ, ಬರೆದು ರುಜು ಹಾಕಿ ಕೊಡುತ್ತೇನೆ ಎಂದೆ.

"ಯಾರಿಗೆ ಅಂತ ಹೇಳ್ತೀರಿ? ಅವತ್ತು ವೇದಿಕೆ ಹಿಂದಿನ ಆ ಕೋಣೆಯಲ್ಲಿ ನಿಮ್ಮನ್ನ ಬಿಟ್ಟು ನಾಲ್ಕು ಜನ ಇದ್ವಿ. ನಿಮ್ಮ ಯಜಮಾನ್ರು, ಮೇಳದ ನಿರ್ದೇಶಕ್ರು, ಸಭಾಂಗಣದ ವ್ಯವಸ್ಥಾಪಕ್ರು, ನಾನು. ಅವರ ಎದುರಿಗೆ ಹೇಳ್ಬೇಕಾಗಿತ್ತು. ಮೂರು ಜನಾನೂ ಹೋದ್ರು. ಅವರ ಪಾಲಿಗೆ ನಾನು ಚೀಟಿ ಕಳೆದೋನಾಗೇ ಹೋದೆ. ಉಳಿದಿರೋನು ನಾನೊಬ್ಬ." ಎದ್ದು ಬಾಗಿಲು ತೆರೆದರು. "ನನಗೆ ಗೊತ್ತಿತ್ತಲ್ಲ."

ಮೂರು ಮಹಡಿ ಇಳಿದು ಬಂದೆ. ಅವರು ಕದ ಹಾಕಿಕೊಂಡ ಸದ್ದು ಕೇಳಲಿಲ್ಲ. ಮೆಲ್ಲಗೆ ಹಾಕಿಕೊಂಡಿರಬೇಕು, ಅವರ ಎಲ್ಲ ಕೆಲಸವೂ ಹಾಗೆಯೇ.

ಕೊನೆಯ ಅಧ್ಯಾಯ ಸೇರಿಸಲೋ ಬೇಡವೋ ಎಂದು ಕೇಳಿದ್ದೀಯ. ಸೇರಿಸು, ಬಿಡು, ನನ್ನ ಒಪ್ಪಿಗೆಗೆ ಕಾಯಬೇಡ. ನನ್ನ ಮಾತನ್ನು ನಂಬಿ ಬರೆದದ್ದೇ ನಿನ್ನ ಮೊದಲ ತಪ್ಪು. ಅದನ್ನು ಎರಡನೇ ಸಲ ಮಾಡಬೇಡ.

ಅಕ್ಕ